ರಾಬಿನ್ ಎಂಬ ಬಾಲಕನ ವಿಷಯವಾಗಿ

ಕಳೆದ ಮಳೆಗಾಲದ ಒಂದು ರಾತ್ರಿ ಬೋರ್ಡಿಂಗಿನ ಮೇಟ್ರನ್ ಅವರು ಒಂದು ಪುಸ್ತಕವನ್ನು ತಂದು ನಮ್ಮ ಮೇಜಿನ ಮೇಲಿರಿಸಿದರು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ದೀಪವಾರಿಸಿದ ಮೇಲೆಯೂ ಹೊದಿಕೆಯೊಳಗೆ ಟಾರ್ಚು ಹಿಡಿದು ಅದನ್ನು ಓದುತ್ತಿದ್ದಳಂತೆ. ಪರದೇಶದಲ್ಲಿರುವ ಸೋದರಮಾವನು ಕಳುಹಿಸಿದ, ಅಮೆರಿಕದ ಹಳೆಯ ಚಿತ್ರಕಥೆಯೊಂದರ ಮರುಮುದ್ರಣವದು. ಇಂಥ ಪುಸ್ತಕಗಳ ವಿಷಯದಲ್ಲಿ ನಮ್ಮ ಅಭಿಪ್ರಾಯವೇನೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಚೆನ್ನಾಗಿ ಬಲ್ಲರು. ಅವರಲ್ಲಿ ಎಷ್ಟೋ ಮಂದಿಯ ಪುಸ್ತಕಗಳು ಪರೀಕ್ಷೆ ಮುಗಿಯುವ ತನಕ ನಮ್ಮ ಬೀರುವಿನಲ್ಲಿ ವಾಸಮಾಡಿದ್ದುಂಟು. ಇದನ್ನೂ ಅಲ್ಲಿಗೆ ಸೇರಿಸುವ ಮುನ್ನ ಒಮ್ಮೆ ತೆರೆದು ನೋಡಿದೆವು. ಮುಚ್ಚುವಾಗ ಗಂಟೆ ಹನ್ನೊಂದಾಗಿತ್ತು.

ಅದು 1940ನೆಯ ಇಸವಿ ಏಪ್ರಿಲ್ ತಿಂಗಳ ‘ಡಿಟೆಕ್ಟಿವ್ ಕಾಮಿಕ್ಸ್’ ಪತ್ರಿಕೆಯ 38ನೆಯ ಸಂಚಿಕೆ. ಆಗಿನ ಬೆಲೆ 10 ಸೆಂಟು. ಹಿಂದಿನ ವರ್ಷದ ಮೇ ತಿಂಗಳ ಸಂಚಿಕೆಯಲ್ಲಿ ‘ಬ್ಯಾಟ್‌ಮ್ಯಾನ್’ ಎಂಬ ವೀರನು ಅದೇ ಪತ್ರಿಕೆಯಲ್ಲಿ ಮೊದಲು ಕಾಣಿಸಿಕೊಂಡಿದ್ದನು. ಹಗಲಿನಲ್ಲಿ ಇವನು ಬ್ರೂಸ್ ವೇನ್ ಎಂಬ ಧನಿಕ. ಇರುಳಿನಲ್ಲಿ ಬಾವಲಿಯ ವೇಷ ಧರಿಸಿ ದುಷ್ಟರನ್ನು ಹಿಡಿಯುವವನು. ಬಾಲ್ಯದಲ್ಲಿಯೇ ಇವನ ತಂದೆತಾಯಿಗಳನ್ನು ಕಳ್ಳನೊಬ್ಬನು ಇವನ ಕಣ್ಣೆದುರಿಗೇ ಗುಂಡಿಟ್ಟು ಕೊಂದಿದ್ದನು. ಆದರೆ ಕಥೆ ಬರೆಯುತ್ತಿದ್ದ ಬಿಲ್ ಫಿಂಗರ್ ಎಂಬವರಿಗೆ ಒಂದು ಚಿಂತೆಯಿತ್ತು. ಕತ್ತಲೆಯಲ್ಲಿ ಒಂಟಿಯಾಗಿ ತಿರುಗುವ ಈ ಮನುಷ್ಯನಿಗೆ ಮಾತನಾಡಲು ಯಾರೂ ಇಲ್ಲ. ಷರ್ಲಾಕ್ ಹೋಮ್ಸನಿಗೆ ವಾಟ್ಸನ್ ಇದ್ದನು, ಇವನಿಗೆ ಯಾರು? ಹೀಗೆ ಫಿಂಗರರೂ ಚಿತ್ರಕಾರರಾದ ಬಾಬ್ ಕೇನರೂ ಒಬ್ಬ ಬಾಲಕನನ್ನು ಜೊತೆಗಾರನನ್ನಾಗಿ ತರಲು ನಿಶ್ಚಯಿಸಿದರು. ಕೇನರ ಸಹಾಯಕರಾಗಿದ್ದ, ಆಗ ಇನ್ನೂ 18 ವರ್ಷದ ಜೆರಿ ರಾಬಿನ್ಸನ್ನರು ರಾಬಿನ್ ಹುಡ್‌ನ ಕಥೆಗಳನ್ನು ನೆನೆದು ‘ರಾಬಿನ್’ ಎಂಬ ಹೆಸರನ್ನು ಸೂಚಿಸಿದರು. ಕೆಂಪು ಕುಪ್ಪಸ, ಹಸಿರು ತೋಳು, ಹಳದಿಯ ಮೇಲುಹೊದಿಕೆ, ಎದೆಯ ಮೇಲೊಂದು ಅಕ್ಷರ. ಕಪ್ಪಿಟ್ಟ ಆ ಪುಟಗಳಲ್ಲಿ ಕಿಟಕಿ ತೆರೆದಂತಾಯಿತು. ಇಷ್ಟಾದರೂ ಅಚ್ಚಾದದ್ದು ಕೇನರ ಹೆಸರು ಮಾತ್ರ. ಫಿಂಗರರು 1974ರಲ್ಲಿ ತೀರಿಕೊಂಡರು. ಬ್ಯಾಟ್‌ಮ್ಯಾನನ ಕರ್ತೃಗಳ ಸಾಲಿನಲ್ಲಿ ಅವರ ಹೆಸರನ್ನು ವಿಧಿವತ್ತಾಗಿ ಸೇರಿಸಿದ್ದು 2015ರಲ್ಲಿ. ಹಾಜರಿ ಪುಸ್ತಕದಲ್ಲಿ ಒಂದು ದಿನ ಹೆಸರು ಬಿಟ್ಟರೆ ನಮ್ಮ ಹುಡುಗಿಯರು ಎಷ್ಟು ಗಲಭೆಮಾಡುತ್ತಾರೆ!

ಕಥೆ ಸಣ್ಣದು. ಡಿಕ್ ಗ್ರೇಸನ್ ಎಂಬ ಹುಡುಗನು ತಂದೆತಾಯಿಗಳೊಡನೆ ಸರ್ಕಸ್ಸಿನಲ್ಲಿ ಉಯ್ಯಾಲೆಯ ಆಟವಾಡುವವನು. ಜುಕೋ ಎಂಬ ಪುಂಡನ ಕಡೆಯವರು ಸರ್ಕಸ್ಸಿನ ಯಜಮಾನನಲ್ಲಿ ಹಣ ಕೇಳುತ್ತಾರೆ, ಅವನು ಕೊಡಲೊಪ್ಪುವುದಿಲ್ಲ. ಹಗ್ಗಗಳಿಗೆ ಆಮ್ಲವನ್ನು ಹಚ್ಚಲಾಗುತ್ತದೆ. ಜನರು ನೋಡುತ್ತಿರುವಂತೆಯೇ ಹಗ್ಗ ಹರಿದು ತಂದೆತಾಯಿಗಳಿಬ್ಬರೂ ನೆಲಕ್ಕೆ ಬೀಳುತ್ತಾರೆ. ಪೊಲೀಸರ ಬಳಿಗೆ ಹೋಗುವೆನೆಂದು ಹೊರಟ ಹುಡುಗನನ್ನು ಬ್ಯಾಟ್‌ಮ್ಯಾನನು ತಡೆಯುತ್ತಾನೆ. ಊರೆಲ್ಲವೂ ಜುಕೋವಿನ ಅಂಕೆಯಲ್ಲಿದೆ, ಬಾಯಿ ತೆರೆದರೆ ನೀನು ಉಳಿಯಲಾರೆ ಎನ್ನುತ್ತಾನೆ. ಅನಂತರ, ತನ್ನ ತಂದೆತಾಯಿಗಳೂ ದುಷ್ಟನ ಕೈಯಿಂದಲೇ ಸತ್ತರೆಂದು ಹೇಳುತ್ತಾನೆ. ಮೇಣದ ಬತ್ತಿಯ ಬೆಳಕಿನಲ್ಲಿ ಇಬ್ಬರೂ ಬಲಗೈಯೆತ್ತಿ ಪ್ರತಿಜ್ಞೆಮಾಡುತ್ತಾರೆ. ತಿಂಗಳುಗಟ್ಟಲೆಯ ಶಿಕ್ಷಣವು ಎರಡು ಮೂರು ಚಿತ್ರಗಳಲ್ಲಿ ಮುಗಿದುಹೋಗುತ್ತದೆ. (ಉಪಾಧ್ಯಾಯಿನಿಯರಾದ ನಮಗೆ ಇಲ್ಲಿ ಸ್ವಲ್ಪ ಅಸೂಯೆಯಾಯಿತು.)

ಮುಂದಿನ ಹೊಡೆದಾಟವನ್ನು ನಾವು ಮೆಚ್ಚಲಿಲ್ಲ. ಕಟ್ಟುತ್ತಿರುವ ಕಟ್ಟಡದ ಉಕ್ಕಿನ ತೊಲೆಗಳ ಮೇಲೆ ಎಳೆಯ ಹುಡುಗನೊಬ್ಬನು ಕೊಲೆಗಡುಕರೊಡನೆ ಸೆಣಸುವುದನ್ನು ಯಾವ ಪೋಷಕರು ಒಪ್ಪುವರು? 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯರು ಇಂಥ ಪತ್ರಿಕೆಗಳನ್ನು ಖಂಡಿಸಿ ಗ್ರಂಥ ಬರೆದರು. ಅಮೆರಿಕದ ಸೆನೆಟ್ ಸಭೆಯ ಉಪಸಮಿತಿಯೊಂದು ವಿಚಾರಣೆ ನಡೆಸಿತು. ಪ್ರಕಾಶಕರು ತಾವೇ ನಿಯಮಾವಳಿಯನ್ನು ಮಾಡಿಕೊಂಡರು. ಆ ರಾತ್ರಿ ನಾವೂ ವರ್ಥಮರ ಪಕ್ಷದವರೇ ಆಗುತ್ತಿದ್ದೆವು. ಆದರೆ ಒಂದು ಪುಟದ ಮೂಲೆಯು ಪದೇ ಪದೇ ಮಡಿಸಿ ಮೆತ್ತಗಾಗಿತ್ತು. ಅದು ಹೊಡೆದಾಟದ ಪುಟವಾಗಿರಲಿಲ್ಲ. ಬ್ಯಾಟ್‌ಮ್ಯಾನನು ಹುಡುಗನಿಗೆ ತನ್ನ ತಂದೆತಾಯಿಗಳ ಸಂಗತಿಯನ್ನು ಹೇಳುವ ಪುಟ.

ಆ ಹುಡುಗಿಯ ತಾಯಿಯು ಬೇಸಗೆಯ ರಜೆಯಲ್ಲಿ ತೀರಿಕೊಂಡಿದ್ದರು. ಶಾಲೆ ತೆರೆದಾಗ, ಅವಳೆದುರಿಗೆ ತಾಯಿಯ ಮಾತನ್ನೆತ್ತಕೂಡದೆಂದು ತರಗತಿಗೆ ನಾವೇ ಎಚ್ಚರಿಕೆ ಕೊಟ್ಟಿದ್ದೆವು. ಕನ್ನಡದ ಪಾಠವೊಂದನ್ನು ಮುಂದಕ್ಕೆ ಹಾಕಿಸಿದವರೂ ನಾವೇ. ಅದನ್ನು ದಯೆಯೆಂದು ತಿಳಿದಿದ್ದೆವು. ಮೂರು ತಿಂಗಳ ಕಾಲ ಅವಳ ಸುತ್ತಲೂ ಎಲ್ಲರೂ ಮೆಲ್ಲಗೆ ನಡೆದಾಡಿದರು. ಅವಳು ಮಾತಾಡಲಿಲ್ಲ, ಅಳಲೂ ಇಲ್ಲ.

ಮರುದಿನ ಕರೆಸಿದಾಗ, ಬೈಗುಳಕ್ಕೆ ಸಿದ್ಧಳಾಗಿ ತಲೆತಗ್ಗಿಸಿ ನಿಂತಳು. ನಾವು ಇದೇ ಬೋರ್ಡಿಂಗಿನಲ್ಲಿ ಹನ್ನೆರಡು ವರ್ಷದವರಾಗಿದ್ದಾಗ ನಮ್ಮ ತಾಯಿಯವರೂ ತೀರಿಕೊಂಡರೆಂದು ಅವಳಿಗೆ ಹೇಳಿದೆವು. ಇಪ್ಪತ್ತು ವರ್ಷಗಳಿಗೂ ಹೆಚ್ಚಿನ ನಮ್ಮ ಉಪಾಧ್ಯಾಯ ವೃತ್ತಿಯಲ್ಲಿ ಯಾವ ವಿದ್ಯಾರ್ಥಿನಿಗೂ ಇದನ್ನು ಹೇಳಿದವರಲ್ಲ.

ಅವಳು ತಲೆಯೆತ್ತಿ, “ಆಗ ನಿಮ್ಮ ಹತ್ತಿರ ಯಾರು ಮಾತಾಡಿದರು, ಟೀಚರ್?” ಎಂದು ಕೇಳಿದಳು.

ಯಾರೂ ಇಲ್ಲವೆಂದೆವು. ಅದು ನಿಜವೇ ಆಗಿತ್ತು. ಎಲ್ಲರೂ ನಮ್ಮ ಮೇಲೆ ಬಹಳ ದಯೆಯಿಟ್ಟಿದ್ದರು.

ಆಮೇಲೆ ಅವಳು ಮಾತಾಡಿದಳು: ತಾಯಿಯು ಜಡೆ ಹೆಣೆಯುವಾಗ ಎಳೆಯುತ್ತಿದ್ದುದು, ಕಡೆಯ ಸಲ ಫೋನಿನಲ್ಲಿ ಇವಳು ಕೋಪಿಸಿಕೊಂಡು ಅರ್ಧಕ್ಕೇ ಇಟ್ಟುಬಿಟ್ಟದ್ದು. ಮೂರನೆಯ ಪಿರಿಯಡ್ಡಿನ ಗಂಟೆ ಹೊಡೆಯಿತು. ನಾವು ತರಗತಿಗೆ ಹೋಗಲಿಲ್ಲ.

ಪುಸ್ತಕವನ್ನು ಅಂದೇ ಹಿಂದಿರುಗಿಸಿದೆವು. ವಾರ ಕಳೆದ ಮೇಲೆ, ಹುಡುಗಿಯರು ಯಾರೂ ರಾಬಿನ್ ಆಗಲಿಲ್ಲವೇ ಎಂದು ವಿಚಾರಿಸಿಕೊಂಡು ಬಂದಳು. ಹುಡುಕಿ ನೋಡಿದೆವು. 1986ರಲ್ಲಿ ಫ್ರಾಂಕ್ ಮಿಲ್ಲರ್ ಎಂಬವರು ರಚಿಸಿದ ಕಥೆಯಲ್ಲಿ ಕ್ಯಾರಿ ಕೆಲ್ಲಿ ಎಂಬ 13 ವರ್ಷದ ಬಾಲಿಕೆಯು ಆ ವೇಷವನ್ನು ತೊಡುತ್ತಾಳೆ. ಅದನ್ನೂ ಕಳುಹಿಸಬೇಕೆಂದು ಮಾವನಿಗೆ ಬರೆಯುವೆನೆಂದಳು. ಅದು ಎಂಟನೆಯ ತರಗತಿಯವರು ಓದತಕ್ಕದ್ದಲ್ಲವೆಂದು ನಾವು ಖಂಡಿತವಾಗಿ ಹೇಳಿದ್ದೇವೆ. ಅವಳು ಈಗ ಒಂಬತ್ತನೆಯದಕ್ಕೆ ತೇರ್ಗಡೆಯಾಗಿದ್ದಾಳೆ. ವಾದ ಇನ್ನೂ ನಡೆಯುತ್ತಿದೆ.