ಮುಟ್ಟಿದರೆ ನುಡಿಯುವ ಅಚ್ಚು

ಬಾದಾಮಿಗೆ ಬಂದವರು ಗುಹೆ ನೋಡುತ್ತಾರೆ, ಅರಸರ ಹೆಸರು ಬರೆದುಕೊಂಡು ಹೋಗುತ್ತಾರೆ. ಕಲ್ಲು ಕಡಿದವರನ್ನು ಕೇಳುವವರು ಕಡಿಮೆ. ಇಲ್ಲಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ, ಸುಮಾರು ಕ್ರಿ.ಶ. 700ರದು. ಇಂಥ ಶಾಸನಗಳನ್ನು ಕಾಗದಕ್ಕೆ ಇಳಿಸಿಕೊಳ್ಳುವ ರೀತಿ ಸರಳ. ಒದ್ದೆ ಕಾಗದ ಅಂಟಿಸಿ, ಬ್ರಶ್ಶಿನಿಂದ ಬಡಿದು, ಮೇಲೆ ಮಸಿ ಒತ್ತಬೇಕು. ಅಕ್ಷರದ ಕುಳಿ ಬೆಳ್ಳಗೆ ಉಳಿಯುತ್ತದೆ. ಇದೇ ಪಡಿಯಚ್ಚು. ಕಲ್ಲನ್ನು ಮುಟ್ಟದೆ ಇದು ಆಗುವುದಿಲ್ಲ. ಅಚ್ಚು ಎಂದರೆ ಮುಟ್ಟುವುದು. ನಾವು ಹಿಡಿದದ್ದು ಈ ಎಳೆಯನ್ನು.

ಕೆತ್ತಲು ಲಿನೋಲಿಯಂ ಬೇಕು ಎಂದರು. ನಮ್ಮ ಕೇರಿಯಲ್ಲಿ ಚಪ್ಪಲಿಯ ರಬ್ಬರ್ ಇತ್ತು, ರಂಪಿಗೆ ಇತ್ತು. ಅದರಲ್ಲೇ ಒಂದು ಹಲಗಿ ಕೆತ್ತಿದೆವು, ಒಂದು ಅಂಗೈ ಕೆತ್ತಿದೆವು.

ರೇಡಿಯೋ ರಿಪೇರಿ ಮಾಡುವ ಗೆಳೆಯನೊಬ್ಬ ಹಳೆಯ ರೇಡಿಯೋ ಬಿಚ್ಚಿ, ‘ಇದೂ ಅಚ್ಚೇ ಐತಿ ನೋಡ್ರಿ’ ಅಂದ. ನಿಜ. ಒಳಗಿನ ಬೋರ್ಡಿಗೆ ಪ್ರಿಂಟೆಡ್ ಸರ್ಕಿಟ್ ಎಂದೇ ಹೆಸರು. ತಾಮ್ರದ ಮೇಲೆ ಬೇಕಾದ ಗೆರೆಗಳನ್ನು ಮಸಿಯಿಂದ ಮುಚ್ಚಿ, ಉಳಿದದ್ದನ್ನು ಫೆರಿಕ್ ಕ್ಲೋರೈಡಿನಲ್ಲಿ ಕರಗಿಸುತ್ತಾರೆ. ತಾಮ್ರದ ತಗಡಿನಿಂದ ಚಿತ್ರ ಅಚ್ಚುಹಾಕುವ ಕಲಾವಿದರೂ ಇದೇ ದ್ರಾವಣ ಬಳಸುತ್ತಾರೆ. 1936ರಲ್ಲಿ ವಿಯೆನ್ನಾದಿಂದ ಲಂಡನ್ನಿಗೆ ಹೋದ ಪಾಲ್ ಐಸ್ಲರ್ ರೇಡಿಯೋದ ತಂತಿಗಳ ಬದಲು ಅಚ್ಚಿನ ಗೆರೆ ತಂದದ್ದು ಮುದ್ರಣದ ಕಸುಬನ್ನು ಬಲ್ಲವರಾದ್ದರಿಂದ.

ನಾವು ಮಸಿಯ ಬದಲು ಗ್ರಾಫೈಟ್ ಪುಡಿಯನ್ನು ಗೋಂದಿನಲ್ಲಿ ಗಟ್ಟಿಯಾಗಿ ಕಲಸಿ ಒತ್ತಿದೆವು. ಗ್ರಾಫೈಟಿನಲ್ಲಿ ವಿದ್ಯುತ್ತು ಹರಿಯುತ್ತದೆ. ಹಲಗಿಯ ಹಾಳೆಗೊಂದು ತಂತಿ, ಅಂಗೈಯ ಹಾಳೆಗೊಂದು ತಂತಿ. 9 ವೋಲ್ಟಿನ ಬ್ಯಾಟರಿ, ಎರಡು ಟ್ರಾನ್ಸಿಸ್ಟರು, ಒಂದು ಬಜರ್. ಎರಡು ಹಾಳೆಗಳನ್ನು ಒಬ್ಬರಿಗೇ ಎಟುಕದಷ್ಟು ದೂರ ತೂಗುಹಾಕಿದೆವು. ಒಬ್ಬರು ಹಲಗಿ ಮುಟ್ಟಬೇಕು, ಇನ್ನೊಬ್ಬರು ಅಂಗೈ ಮುಟ್ಟಬೇಕು, ಇಬ್ಬರೂ ಕೈ ಹಿಡಿಯಬೇಕು. ಆಗ ಮೈಯೊಳಗಿಂದ ಹಾಯುವ ಅತ್ಯಲ್ಪ ವಿದ್ಯುತ್ತನ್ನು ಟ್ರಾನ್ಸಿಸ್ಟರು ಹೆಚ್ಚಿಸುತ್ತವೆ, ಬಜರ್ ಕೂಗುತ್ತದೆ.

ಏಪ್ರಿಲ್ 14ರಂದು ಒಂದು ಊರಿನ ಶಾಲೆಯ ಪಡಸಾಲೆಯಲ್ಲಿ ಕಟ್ಟಿದೆವು. ಮಕ್ಕಳು ಸಾಲಾಗಿ ಕೈಕೈ ಹಿಡಿದು ಕೂಗಿಸಿದರು. ಹಲಗಿ ಬಾರಿಸುವ ಅಜ್ಜ ‘ಸೊಳ್ಳಿ ಕೂಗಿದಂಗ ಆತಲ್ಲೋ’ ಎಂದು ನಕ್ಕ. ಊರ ಹಿರಿಯರೊಬ್ಬರು ಮುಂದೆ ಬಂದರು. ಅಂಗೈಯ ಚಿತ್ರ ಮುಟ್ಟಿದರು. ನಮ್ಮ ಹುಡುಗನಿಗೆ ಹೆಗಲ ಮೇಲಿನ ವಲ್ಲಿಯ ತುದಿ ನೀಡಿದರು. ಬಜರ್ ಸುಮ್ಮನಿತ್ತು.

‘ಒಣಾ ಬಟ್ಟ್ಯಾಗ ಹರಿಯಂಗಿಲ್ಲರೀ ಗೌಡ್ರ, ಕೈ ಕೊಡ್ರಿ.’

ಎಲ್ಲರೂ ನೋಡುತ್ತಿದ್ದರು. ಹಿರಿಯರು ಎರಡು ಬೆರಳು ಕೊಟ್ಟರು. ಎರಡು ಬೆರಳಿಗೂ ಅದು ಕೂಗಿತು.

ಜಾತಿ ಹೋಯಿತು ಎಂದು ನಾವು ಬರೆಯುವುದಿಲ್ಲ. ಮರುದಿನವೂ ಆ ಊರಿನ ಗುಡಿಯ ಹೊಸ್ತಿಲು ನಮಗೆ ಹೊಸ್ತಿಲಾಗಿಯೇ ಇತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ ಕೆರೆಗೆ ಇಳಿದದ್ದು ಬಾಯಾರಿಕೆಗಲ್ಲ, ಮುಟ್ಟುವ ಹಕ್ಕಿಗೆ. ಆ ಕೆಲಸ ಬ್ಯಾಟರಿಯಿಂದ ಮುಗಿಯುವಂಥದ್ದಲ್ಲ. ಆದರೆ ಒಬ್ಬ ಹುಡುಗಿ ಮೇಷ್ಟರನ್ನು ಕೇಳಿದಳು: ‘ಕರೆಂಟಿಗೆ ಗೊತ್ತಾಗದ್ದು ಗೌಡ್ರಿಗೆ ಹ್ಯಾಂಗ ಗೊತ್ತಾತ್ರಿ?’ ಈ ಪ್ರಶ್ನೆ ಯಾವ ಪಠ್ಯದಲ್ಲೂ ಇರಲಿಲ್ಲ.

ಹಳ್ಳಿಯ ಮೇಷ್ಟರುಗಳು ಇದನ್ನು ಮಾಡಿ ನೋಡಬೇಕು. ಬ್ಯಾಟರಿ ಮಾತ್ರ ಸಾಕು. ಗೋಡೆಯ ಪ್ಲಗ್ಗಿಗೆ ಎಂದೂ ಜೋಡಿಸಬಾರದು.

ಪಟ್ಟಣದ ಗೆಳೆಯರು ಗಾಜು ಹಾಕಿ ಪ್ರದರ್ಶನಕ್ಕಿಡುತ್ತೇವೆ ಎಂದು ಕೇಳಿದರು. ಕೊಡಲಿಲ್ಲ. ಮುಟ್ಟಿ ಮುಟ್ಟಿ ಆ ಹಾಳೆಗಳು ಈಗ ಸವೆದಿವೆ. ರಬ್ಬರಿನ ಅಚ್ಚು ನಮ್ಮಲ್ಲಿದೆ, ಮತ್ತೆ ಒತ್ತುತ್ತೇವೆ.