ಓಸಾಕಾ ಕೋಟೆಯ ಒಗಟಿನ ಕಂಬ

ಜಪಾನಿನ ಓಸಾಕಾ ನಗರಕ್ಕೆ ಹೋದವರು ಅಲ್ಲಿನ ಕೋಟೆಯನ್ನು ನೋಡದೆ ಹಿಂದಿರುಗುವುದು ಅಪರೂಪ. ವಿಶಾಲವಾದ ಕಂದಕ, ಹೆಬ್ಬಂಡೆಗಳ ಗೋಡೆ, ಅವುಗಳ ನಡುವೆ ಚಿನ್ನದ ಅಲಂಕಾರದಿಂದ ಥಳಥಳಿಸುವ ಗೋಪುರ. ನೋಟವೇನೋ ಭವ್ಯವಾದುದೇ. ಆದರೆ ಆ ಗೋಪುರ 1931ರಲ್ಲಿ ಕಾಂಕ್ರೀಟಿನಿಂದ ಎದ್ದು ನಿಂತದ್ದು. ಟೊಯೊಟೊಮಿ ಹಿದೆಯೋಶಿ 1583ರಲ್ಲಿ ಕಟ್ಟಲಾರಂಭಿಸಿದ ಕೋಟೆ 1615ರ ಯುದ್ಧದಲ್ಲಿ ನಾಶವಾಯಿತು. ತೊಕುಗಾವ ವಂಶದವರು ಮರಳಿ ಕಟ್ಟಿಸಿದ ಗೋಪುರವೂ 1665ರಲ್ಲಿ ಸಿಡಿಲಿಗೆ ಆಹುತಿಯಾಯಿತು.

ಹಳೆಯ ಮರಗೆಲಸವನ್ನು ಕಾಣಬಯಸುವವರು ಗೋಪುರದತ್ತ ಧಾವಿಸದೆ, ಪಶ್ಚಿಮದ ಹೆಬ್ಬಾಗಿಲಲ್ಲೇ ಕೊಂಚ ನಿಲ್ಲಬೇಕು. ಇದರ ಹೆಸರು ಓತೆಮೊನ್. 1628ರಲ್ಲಿ ನಿರ್ಮಾಣವಾದ ಈ ಬಾಗಿಲಿನ ಅಗಲ ಸುಮಾರು ಐದೂವರೆ ಮೀಟರು, ಎತ್ತರ ಸುಮಾರು ಏಳು ಮೀಟರು. ಮುಂದಿನ ಎರಡು ಮುಖ್ಯ ಕಂಬಗಳಿಗೆ ಕಪ್ಪು ಬಣ್ಣದ ಕಬ್ಬಿಣದ ತಗಡಿನ ಹೊದಿಕೆಯಿದೆ. ಅವುಗಳ ಹಿಂದೆ ಆಸರೆಗೆಂದು ಒಂದೊಂದು ಕಂಬ, ಮೇಲೆ ಹೆಂಚಿನ ಪುಟ್ಟ ಸೂರು. ಹೊರಗಿನಿಂದ ಬರುವವರ ಬಲಗಡೆಗೆ ಬೀಳುವ ಆಸರೆಗಂಬದ ಬುಡದಲ್ಲಿ ಅಡಗಿದೆ, ಮರಗೆಲಸ ಬಲ್ಲವರನ್ನು ದೀರ್ಘಕಾಲ ಕಾಡಿದ ಒಗಟು.

ಮಣ್ಣಿಗೂ ಮಳೆಗೂ ಹತ್ತಿರವಿರುವ ಕಂಬದ ಕಾಲು ಮೊದಲು ಕೊಳೆಯುವುದು ಸಹಜ. ಅಂಥಲ್ಲಿ ಜಪಾನಿನ ಬಡಗಿ ಇಡೀ ಕಂಬವನ್ನು ತೆಗೆದೆಸೆಯುವುದಿಲ್ಲ. ಕೊಳೆತಷ್ಟನ್ನೇ ಕತ್ತರಿಸಿ, ಹೊಸ ಮರದ ತುಂಡನ್ನು ಕೆಳಗೆ ಸೇರಿಸುತ್ತಾನೆ. ಈ ಕೆಲಸಕ್ಕೆ ‘ನೆತ್ಸುಗಿ’ ಎಂದು ಹೆಸರು. ‘ನೆ’ ಎಂದರೆ ಬೇರು, ‘ತ್ಸುಗಿ’ ಎಂದರೆ ಜೋಡಣೆ. ಓತೆಮೊನ್‌ನ ಕಂಬಗಳಿಗೂ ಕಾಲಕ್ರಮದಲ್ಲಿ ಇಂಥ ಹೊಸ ಕಾಲುಗಳು ಬಂದವು.

ಒಗಟಿನ ಕಂಬದಲ್ಲಿ ಹಳೆಯ ಮರವೂ ಹೊಸ ಮರವೂ ಸೇರುವ ಗೆರೆಯನ್ನು ಗಮನಿಸಿದರೆ ಬುದ್ಧಿ ಮಂಕಾಗುತ್ತದೆ. ಎದುರುಬದುರಿನ ಎರಡು ಮೈಗಳಲ್ಲಿ ಗೆರೆ ಬೆಟ್ಟದ ಶಿಖರದಂತೆ ಏರಿ ಇಳಿಯುತ್ತದೆ. ಉಳಿದೆರಡು ಮೈಗಳಲ್ಲಿ ಬುಡ ಕಿರಿದಾಗಿ ತುದಿ ಅಗಲವಾದ, ಪಾರಿವಾಳದ ಬಿಚ್ಚಿದ ಬಾಲವನ್ನು ಹೋಲುವ ಹಲ್ಲು ಕಾಣುತ್ತದೆ. ಜಪಾನಿನ ಬಡಗಿಗಳು ಇದನ್ನು ‘ಅರಿ’, ಅಂದರೆ ಇರುವೆ, ಎಂದು ಕರೆಯುತ್ತಾರೆ. ಮೇಲಿನಿಂದ ನೇರವಾಗಿ ಇಳಿಸೋಣವೆಂದರೆ ಹಲ್ಲಿನ ಅಗಲವಾದ ತುದಿ ಬಿಡದು. ಪಕ್ಕದಿಂದ ಅಡ್ಡಲಾಗಿ ತಳ್ಳೋಣವೆಂದರೆ ಶಿಖರ ತಡೆಯುತ್ತದೆ. ಹಾಗಾದರೆ ಈ ಎರಡು ತುಂಡುಗಳು ಒಂದಾದುದು ಹೇಗೆ?

ಕಂಬವನ್ನು ಬಿಚ್ಚದೆಯೇ ಇದಕ್ಕೆ ಉತ್ತರ ದೊರೆತದ್ದು 1983ರಲ್ಲಿ. ವೈದ್ಯರು ಮುರಿದ ಮೂಳೆಯನ್ನು ನೋಡುವಂತೆ, ಮರದ ಒಡಲನ್ನು ಕ್ಷ-ಕಿರಣಗಳಿಂದ ನೋಡಲಾಯಿತು. ಉತ್ತರ ಆಶ್ಚರ್ಯವಾಗುವಷ್ಟು ಸರಳವಾಗಿತ್ತು: ತುಂಡುಗಳು ಕೂಡಿದ್ದು ನೇರವಾಗಿಯೂ ಅಲ್ಲ, ಅಡ್ಡಲಾಗಿಯೂ ಅಲ್ಲ, ಓರೆಯಾಗಿ. ಶಿಖರದ ಒಂದು ಇಳಿಜಾರೇ ಜಾರುವ ದಾರಿ. ಒಳಗಿನ ಹಲ್ಲುಗಳನ್ನೂ ಕುಳಿಗಳನ್ನೂ ಆ ಇಳಿಜಾರಿಗೆ ಸಮಾನಾಂತರವಾಗಿ ಕೆತ್ತಲಾಗಿದೆ. ಹೊರಗೆ ಹಲ್ಲನ್ನು ಕಂಡ ಕಣ್ಣು ಅದು ಒಳಗೂ ನೆಲಕ್ಕೆ ಸಮನಾಗಿ ಸಾಗಿದೆಯೆಂದು ತಾನೇ ಊಹಿಸಿಕೊಂಡು ಮೋಸಹೋಗುತ್ತದೆ.

ಇದೇ ತತ್ತ್ವದ ಒಂದು ಚಿಕ್ಕ ಆಟಿಕೆಯನ್ನು ಬಡಗಿಗಳು ಮಾಡುವುದುಂಟು. ಚೌಕವಾದ ಎರಡು ಮರದ ತುಂಡುಗಳು. ಕೂಡಿಸಿಟ್ಟಾಗ ನಾಲ್ಕು ಮೈಗಳಲ್ಲೂ ಪಾರಿವಾಳದ ಬಾಲವೇ. ಎತ್ತಿದರೆ ಬಾರದು, ಎಳೆದರೆ ಬಾರದು. ಮೂಲೆಯಿಂದ ಎದುರು ಮೂಲೆಯತ್ತ ಒತ್ತಿದರೆ ಮಾತ್ರ ನಯವಾಗಿ ಜಾರಿ ಬೇರೆಯಾಗುತ್ತದೆ. ಒಳಗೆ ಹಲ್ಲುಗಳೆರಡು ಮಾತ್ರ. ಒಂದೊಂದೂ ಒಂದು ಮೈಯಲ್ಲಿ ಹೊಕ್ಕು ಪಕ್ಕದ ಮೈಯಲ್ಲಿ ಹೊರಬಂದು, ನೋಡುವವರಿಗೆ ನಾಲ್ಕಾಗಿ ತೋರುತ್ತದೆ. ಇದನ್ನು ಮಾಡಹೊರಟವನು ಗೆರೆಯನ್ನು ಮರದ ಅಂಚಿಗೆ ಸಮನಾಗಿ ಎಳೆಯದೆ ಮೂಲೆಯಿಂದ ಮೂಲೆಗೆ ಎಳೆಯಬೇಕು. ಗರಗಸವೂ ಉಳಿಯೂ ಆ ಗೆರೆಯನ್ನು ಕೂದಲೆಳೆಯಷ್ಟೂ ಬಿಡದೆ ನಡೆಯಬೇಕು.

ಆಟಿಕೆಯಲ್ಲಿ ತಪ್ಪಾದರೆ ಇನ್ನೊಂದು ತುಂಡು ಸಿಕ್ಕೀತು. ಕೋಟೆಯ ಬಾಗಿಲಲ್ಲಿ ಹಾಗಲ್ಲ. ಹೊಸ ತುಂಡು ಕೆಟ್ಟರೆ ಬದಲಿ ತರಬಹುದು. ಹಳೆಯ ಕಂಬದಲ್ಲಿ ಉಳಿ ಹೆಚ್ಚು ಆಳಕ್ಕಿಳಿದರೆ ಹೋದ ಮರ ಮರಳಿ ಬಾರದು. ಒಳಗೆ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದನ್ನು ಕೂಡಿಸಿದ ಮೇಲೆ ಇಣುಕಿ ನೋಡುವಂತೆಯೂ ಇಲ್ಲ. ಅಷ್ಟೆಲ್ಲ ಜಾಗರೂಕತೆಯಿಂದ ಮಾಡಿದ ಈ ಜೋಡಣೆ ಬರಿಯ ಚಮತ್ಕಾರವೂ ಅಲ್ಲ. ಬಿಚ್ಚಬೇಕಾದರೆ ಮೇಲಿನ ಕಂಬ ಓರೆಯಾಗಿ ಮೇಲೇರಬೇಕು. ಸೂರಿನ ಭಾರವೋ ಅದನ್ನು ಸದಾ ಕೆಳಗೊತ್ತುತ್ತಿದೆ. ಕೀಲನ್ನು ಕಾಯುವ ಬೀಗ ಆ ಭಾರವೇ.

ಬಾಗಿಲ ಬಳಿಯ ಫಲಕದಲ್ಲಿ ಕಟ್ಟಿದ ವರ್ಷ, ದುರಸ್ತಿಯ ವರ್ಷ, ಅಳತೆಗಳು ಎಲ್ಲವೂ ಇವೆ. ಈ ಕಾಲನ್ನು ಕೂಡಿಸಿದ ಬಡಗಿಯ ಹೆಸರಿಲ್ಲ. ಸಾದಾ ಜೋಡಣೆಯೊಂದನ್ನು ಮಾಡಿ ಕೂಲಿ ಪಡೆದು ಹೋಗಿದ್ದರೂ ಆತನನ್ನು ಕೇಳುವವರಿರಲಿಲ್ಲ. ಆದರೂ ಮೊಣಕಾಲೆತ್ತರದ ಮರದಲ್ಲಿ, ದಾರಿಹೋಕರು ತಿರುಗಿಯೂ ನೋಡದ ಕಡೆ, ತನಗೆ ತಿಳಿದ ವಿದ್ಯೆಯೆಲ್ಲವನ್ನೂ ಇಟ್ಟು ಹೋದ.

ಜಪಾನೀ ಭಾಷೆಯಲ್ಲಿ ‘ತ್ಸುಗು’ ಎಂಬ ಒಂದೇ ಕ್ರಿಯಾಪದಕ್ಕೆ ಜೋಡಿಸು ಎಂಬ ಅರ್ಥವೂ ಇದೆ, ಹಿರಿಯರಿಂದ ಬಂದುದನ್ನು ಮುಂದುವರಿಸು ಎಂಬ ಅರ್ಥವೂ ಇದೆ. ಹಳೆಯ ಕಂಬ ಹೊಸ ಕಾಲಿನ ಮೇಲೆ ನಿಂತಿರುವ ಈ ಬಾಗಿಲಲ್ಲಿ ಅವೆರಡನ್ನೂ ಒಟ್ಟಿಗೆ ಕಾಣಬಹುದು. ಗೋಪುರದತ್ತ ಸಾಗುವ ಪ್ರವಾಸಿಗರು ಬಲಗಡೆಗೆ ಒಮ್ಮೆ ಬಾಗಿ ನೋಡಿದರೆ ಸಾಕು.