ಕತ್ತು ಹಿಡಿಯೋದು ಹಾಗಲ್ಲ, ಗುರುವೇ!

ಸಿನಿಮಾದಲ್ಲಿ ನೋಡಿದ್ದೀರಲ್ಲ? ವಿಲನ್ನಿನ ಚೇಲಾ ಬೆಕ್ಕಿನ ಹೆಜ್ಜೆಯಿಟ್ಟು ಹಿಂದಿನಿಂದ ಬರುತ್ತಾನೆ. ಹೀರೋ ಕತ್ತಿಗೆ ತೋಳು ಹಾಕುತ್ತಾನೆ. ಹೀರೋ ಮೊಣಕೈಯಿಂದ ಪಕ್ಕೆಗೆ ಒಂದು ಗುದ್ದಿ, ಅವನನ್ನು ತಲೆಯ ಮೇಲಿಂದ ಎತ್ತಿ ಒಗೆಯುತ್ತಾನೆ. ಬಾಲ್ಕನಿಯವರೆಗೂ ಶಿಳ್ಳೆ! ನವರಂಗ್ ಥಿಯೇಟರಿನಲ್ಲಿ ಕೂತು ನಾನೂ ಶಿಳ್ಳೆ ಹೊಡೆದವನೇ. ರಾಜಾಜಿನಗರದ ಹುಡುಗ ಸ್ವಾಮಿ, ಇನ್ನೇನು ಮಾಡಲಿ?

ಈಗ ಎರಡು ವರ್ಷದಿಂದ ವಿಜಯನಗರದ ಒಂದು ಮಹಡಿಯ ಮೇಲೆ ಜಿಯು ಜಿಟ್ಸು ಕಲಿಯುತ್ತಿದ್ದೇನೆ. ಕೆಳಗೆ ಪಾತ್ರೆ ಅಂಗಡಿ, ಮೇಲೆ ನಮ್ಮ ಚಾಪೆ. ಆ ಚೇಲಾಗಳಿಗೆ ಯಾರೂ ಸರಿಯಾಗಿ ಪಾಠ ಹೇಳಿಕೊಟ್ಟಿರಲಿಲ್ಲ ಅಂತ ಅಲ್ಲಿ ಗೊತ್ತಾಯಿತು!

ನಮ್ಮ ಗರಡಿಯ ಕುಸ್ತಿಯೇ ಬೇರೆ. 'ಮಯೂರ' (1975) ಚಿತ್ರದಲ್ಲಿ ಅಣ್ಣಾವ್ರ ಕುಸ್ತಿ ಮರೆಯೋದುಂಟೇ? ಎಂ.ಪಿ. ಶಂಕರ್ ಅವರಂತೂ ನಿಜಕ್ಕೂ ಮೈಸೂರಿನ ಪೈಲ್ವಾನರು. ಅಲ್ಲಿ ಎದುರಾಳಿಯ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಆಟ ಮುಗೀತು. ಕತ್ತು ಹಿಸುಕುವ ಹಾಗಿಲ್ಲ. ಇಲ್ಲಿ ಬೆನ್ನು ತಾಗಿದ ಮೇಲೇ ಆಟ ಶುರು. ಜಪಾನಿನ ಮಿತ್ಸುಯೊ ಮಯೆದಾ 1914ರಲ್ಲಿ ಬ್ರೆಜಿಲ್ಲಿಗೆ ಹೋದರು, ಅವರಿಂದ ಗ್ರೇಸಿ ಮನೆತನದವರು ಕಲಿತರು. 1993ರಲ್ಲಿ ಅಮೆರಿಕದ ಡೆನ್ವರಿನಲ್ಲಿ ಆ ಮನೆಯ ತೆಳ್ಳನೆಯ ರಾಯ್ಸ್ ಗ್ರೇಸಿ, ಮೊದಲ ಯುಎಫ್‌ಸಿ ಫೈನಲ್ಲಿನಲ್ಲಿ ಜೆರಾರ್ಡ್ ಗೋರ್ಡೊನನ್ನು ಇದೇ ಹಿಂದಿನ ಪಟ್ಟಿನಿಂದ ಮಣಿಸಿದ. ಬ್ರೆಜಿಲ್ಲಿನವರು ಇದಕ್ಕೆ ಇಟ್ಟ ಹೆಸರು 'ಸಿಂಹ ಕೊಲ್ಲುವ ಪಟ್ಟು'. ಟೈಟಲ್ ಹೇಗಿದೆ? ನಮ್ಮ ನಿರ್ಮಾಪಕರು ಇನ್ನೂ ರಿಜಿಸ್ಟರ್ ಮಾಡಿಸಿಲ್ಲವೇನೋ!

ಪಟ್ಟು ಹೀಗೆ. ಬೆನ್ನಿಗೆ ಎದೆ ಅಂಟಿಸಬೇಕು, ನಡುವೆ ಗಾಳಿಯೂ ಆಡಬಾರದು. ಎರಡೂ ಹಿಮ್ಮಡಿ ಅವನ ತೊಡೆಗಳ ಒಳಗೆ. ನಮ್ಮ ಕಾಲನ್ನು ನಾವೇ ಕತ್ತರಿ ಹಾಕಿದರೆ ಅವನು ಅದನ್ನೇ ಮುರಿಯುತ್ತಾನೆ, ಎಚ್ಚರ. ಒಂದು ಕೈ ಹೆಗಲ ಮೇಲಿಂದ, ಇನ್ನೊಂದು ಕಂಕುಳ ಕೆಳಗಿಂದ. ಮೇಲಿನ ಕೈ ಗದ್ದದಡಿ ನುಸುಳಿ, ಮೊಣಕೈ ನೇರ ಅವನ ಗದ್ದದ ಕೆಳಗೆ ಬರಬೇಕು. ಆ ಅಂಗೈ ನಮ್ಮದೇ ಇನ್ನೊಂದು ತೋಳಿನ ಮೇಲೆ, ಆ ಇನ್ನೊಂದು ಅಂಗೈ ಅವನ ತಲೆಯ ಹಿಂದೆ. ಆಮೇಲೆ ಎದೆಯುಬ್ಬಿಸಿ ಮೊಣಕೈಗಳನ್ನು ಹತ್ತಿರ ತರೋದು, ಅಷ್ಟೇ. ಚೇಲಾ ಗಂಟಲ ಗುಳ್ಳೆ ಅಮುಕುತ್ತಾನೆ, ಅದು ನೋವು, ಕೆಮ್ಮು. ನಿಜವಾದ ಪಟ್ಟು ಕತ್ತಿನ ಎರಡು ಪಕ್ಕದ ರಕ್ತನಾಳಗಳ ಮೇಲೆ. ಸರಿಯಾಗಿ ಕೂತರೆ ಸುಮಾರು 10 ಸೆಕೆಂಡಿನೊಳಗೆ ಎಚ್ಚರ ತಪ್ಪುತ್ತೆ. ಉಸಿರು ಬಿಗಿಹಿಡಿದರೂ ಪ್ರಯೋಜನವಿಲ್ಲ. ಉಳಿದ ದಾರಿ ಒಂದೇ, ಕೈಯಿಂದ ಎರಡು ಸಲ ತಟ್ಟೋದು.

ತಟ್ಟೋದಕ್ಕೆ ನಮ್ಮ ಹುಡುಗರಿಗೆ ಎಂಥ ಸಂಕಟ ಗೊತ್ತಾ! ಕೆಂಗೇರಿಯಿಂದ ಬರುವ ಒಬ್ಬ ಹುಡುಗ, ಗಟ್ಟಿ ಆಸಾಮಿ. ಒಂದು ಸಂಜೆ ನನ್ನ ತೋಳಿನೊಳಗೆ ಸಿಕ್ಕ. ಗುರುಗಳು ಹೇಳಿದಂತೆ ನಿಧಾನವಾಗಿಯೇ ಬಿಗಿ ಮಾಡಿದೆ. ತಟ್ಟಲಿಲ್ಲ. ಪಕ್ಕದಲ್ಲಿ ಅವನ ತಮ್ಮ ಕೂತು ನೋಡುತ್ತಿದ್ದನಲ್ಲ, ಅದಕ್ಕೇ. ಇದ್ದಕ್ಕಿದ್ದಂತೆ ನನ್ನ ಮುಂಗೈ ಹಿಡಿದಿದ್ದ ಅವನ ಬೆರಳುಗಳು ಸಡಿಲವಾದವು. ತಕ್ಷಣ ಬಿಟ್ಟೆ. ಮಲಗಿಸಿ ಕಾಲೆತ್ತಿ ಹಿಡಿದೆವು. ಆ ತಮ್ಮ "ಅಣ್ಣಾ" ಅಂತ ಕೂಗಿದ್ದು ಈಗಲೂ ಕಿವಿಯಲ್ಲಿದೆ. ಕೆಲವೇ ಸೆಕೆಂಡು. ಕಣ್ಣು ಬಿಟ್ಟವನೇ, "ಯಾಕ್ರೋ, ಬಸ್ ಬಂತಾ?" ಅಂದ. ಯಾರೂ ನಗಲಿಲ್ಲ. ನನ್ನ ಕೈ ಮಾತ್ರ ರಾತ್ರಿ ಊಟದ ತಟ್ಟೆಯ ಮುಂದೂ ನಡುಗುತ್ತಿತ್ತು.

ಮುಂದಿನ ವಾರ ಬಂದ, ತಮ್ಮನನ್ನೂ ಕರೆತಂದ. ನನ್ನ ಕೈ ಗದ್ದದಡಿ ಹೋಗುತ್ತಲೇ ಟಪ್ ಟಪ್ ಅಂತ ತಟ್ಟಿದ. "ಈಗ ನನ್ನ ಸರದಿ" ಅಂತ ನನ್ನ ಬೆನ್ನ ಹಿಂದೆ ಬಂದು ಕೂತ.